ಅಕ್ಕನ ಊರು ದಾಟಿ ಹೋಗುವ ಟಿಕೆಟ್

ನಮ್ಮ ಅಂಗಡಿಯ ಟೇಲರನ್ನು ಬೀದಿಯವರೆಲ್ಲ ಟೇಪು ಮಾಸ್ಟ್ರು ಎನ್ನುತ್ತಾರೆ. ಅಳತೆಯ ಟೇಪು ಅವರ ಕೊರಳಿಂದ ಇಳಿದದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೂ ಅದು ತಟ್ಟೆಯೊಳಗೆ ಇಣುಕುತ್ತಿರುತ್ತದೆ. ನಾನು ಅವರ ಬಳಿ ಕಾಜಾ ಹೊಲಿದು ಗುಂಡಿ ಹಚ್ಚುವವಳು. ನನ್ನ ಕೈ ಗುಂಡಿಯ ಮೇಲಿದ್ದರೂ ಬಾಯಿ ತಮ್ಮ ಮೇಲೇ ಇರುತ್ತದೆ ಎಂಬುದು ಅವರ ದೂರು.

ಮಾಸ್ಟ್ರಿಗೆ ಇರುವುದು ಒಬ್ಬರೇ ಅಕ್ಕ. ತಾಯಿ ತೀರಿಕೊಂಡ ಮೇಲೆ ಇವರನ್ನು ಎತ್ತಿ ಆಡಿಸಿ ಬೆಳೆಸಿದವರು. ಈಗ ದೂರದ ಚಳಿಯೂರಿನಲ್ಲಿ ಒಂದು ಹಾಸ್ಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಾರೆ. ರಜೆ ಎಂದರೆ ಅಲ್ಲಿಯವರು ಹುಬ್ಬು ಗಂಟಿಕ್ಕುತ್ತಾರಂತೆ. ಒಬ್ಬರನ್ನೊಬ್ಬರು ನೋಡದೆ ವರ್ಷಗಳೇ ಆಗಿದ್ದವು. ವಿಡಿಯೋ ಕಾಲ್ ಮಾಡಿದರೆ ಅಕ್ಕ ಫೋನನ್ನು ಮೂಗಿಗೇ ಅಂಟಿಸಿಕೊಳ್ಳುತ್ತಿದ್ದುದರಿಂದ ಇವರಿಗೆ ದಕ್ಕುತ್ತಿದ್ದುದು ಒಂದು ಹಣೆ, ಒಂದು ಕಣ್ಣು.

ಆ ಅಕ್ಕನಿಗೆಂದು ಉಣ್ಣೆಯ ಕೋಟು ಹೊಲಿದರು. ಅಳತೆ ನೆನಪಿನದು. "ಅಗಲ ಭುಜ ನಮ್ಮಕ್ಕಂದು. ಸೊಂಟದ ಮೇಲೆ ನಾನು, ಇನ್ನೊಂದು ಕೈಲಿ ತುಂಬಿದ ಬಕೆಟ್ಟು. ಹಾಗೇ ಮೆಟ್ಲು ಹತ್ತಿ ಬರ್ತಿದ್ಲು," ಎನ್ನುತ್ತ, ಕೋಟು ಹೇಗೆ ಕೂರುತ್ತದೆಂದು ನೋಡಲು ತಾವೇ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಅವರಿಗೇ ಹೇಳಿ ಮಾಡಿಸಿದ ಹಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ಪಾರ್ಸೆಲ್ ಮಾಡಿಬಿಡಿ ಮಾಸ್ಟ್ರೇ."

"ಕೋಟನ್ನ ಮೈಮೇಲೆ ಹಾಕಿ ನೋಡ್ಬೇಕು ಕಣಮ್ಮ. ಪಾರ್ಸೆಲ್ ತಗೊಂಡು ಹೋಗೋನು ಭುಜ ಸರಿಯಾಗಿ ಕೂತಿದ್ಯಾ ಅಂತ ನೋಡ್ತಾನಾ?"

ಅಂದಮೇಲೆ ಹೋಗಲೇಬೇಕು. ಹೋಗುವುದು ಬರುವುದು ಎರಡೂ ರೈಲಾದರೆ ಅಂಗಡಿಯನ್ನು ಅಷ್ಟು ದಿನ ಮುಚ್ಚುವಂತಿಲ್ಲ. ವಿಮಾನದ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಮಾಸ್ಟ್ರು ಅಗ್ಗದ ಟಿಕೆಟ್ ಹುಡುಕುವ ಆ್ಯಪುಗಳನ್ನೆಲ್ಲ ಫೋನಿನಲ್ಲಿ ಗುಡ್ಡೆ ಹಾಕಿಕೊಂಡರು. ದರ ಇಳಿದರೆ ತಿಳಿಸು ಎಂದು ಹೇಳಿಟ್ಟರು. ಅದು ಟಿಣ್ ಎಂದಾಗಲೆಲ್ಲ ಹೊಲಿಗೆಯಂತ್ರ ನಿಲ್ಲುತ್ತಿತ್ತು. ಒಂದೇ ಫೋನಿನಲ್ಲಿ ಹುಡುಕಿದಷ್ಟೂ ದರ ಏರುತ್ತದೆಂದು ಯಾರೋ ಕಿವಿ ಊದಿದ್ದರಿಂದ ನನ್ನ ಫೋನು, ಇಸ್ತ್ರಿಯವನ ಫೋನು, ಕೊನೆಗೆ ಪ್ಯಾಂಟು ಕೊಡಲು ಬಂದ ಗಿರಾಕಿಯ ಫೋನೂ ಇಸಕೊಂಡರು. "ನಮ್ಗೆ ಆಸೆ ಇದೆ ಅಂತ ಅದಕ್ಕೆ ಗೊತ್ತಾಗ್ಬಾರ್ದು," ಎನ್ನುತ್ತಿದ್ದರು. ಆಸೆ ಮುಚ್ಚಿಡಬಲ್ಲ ಮುಖವೇ ಅಲ್ಲ ಅವರದು.

ಒಂದು ಮಧ್ಯಾಹ್ನ ಕರೆದು ತೋರಿಸಿದರು. ಅಕ್ಕನ ಊರಿಗೆ ಟಿಕೆಟ್ ದುಬಾರಿ. ಆದರೆ ಅಕ್ಕನ ಊರಲ್ಲಿ ವಿಮಾನ ಬದಲಿಸಿ ಇನ್ನೂ ಮುಂದಿನ ಊರಿಗೆ ಹೋಗುವ ಟಿಕೆಟ್ ಅದರ ಅರ್ಧಕ್ಕೇ ಇತ್ತು. ದೂರ ಹೆಚ್ಚು, ದುಡ್ಡು ಕಡಿಮೆ. ಈ ಲೆಕ್ಕ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ.

"ನಾನು ಮುಂದಕ್ಕೆ ಹೋಗೋದೇ ಇಲ್ಲ. ಅಕ್ಕನ ಊರಲ್ಲಿ ಇಳಿದು ಸುಮ್ನೆ ಹೊರಗೆ ನಡ್ಕೊಂಡು ಬಂದ್ಬಿಡ್ತೀನಿ. ಕೋಟು ಮಾತ್ರ ಕೈಚೀಲದಲ್ಲೇ ಇರ್ಬೇಕು. ವಿಮಾನದ ಹೊಟ್ಟೆಗೆ ಹಾಕಿದ ಸಾಮಾನು ಕೊನೇ ಊರಿಗೆ ಹೋಗ್ಬಿಡತ್ತೆ."

"ಚೀಲ ಯಾಕೆ, ಮೈಮೇಲೆ ಹಾಕ್ಕೊಂಡೇ ಹೋಗಿ. ನಿಮಗೇ ಸರಿಯಾಗಿ ಆಗತ್ತಲ್ಲ."

"ಹೆಂಗಸರ ಕೋಟು ಹಾಕ್ಕೊಂಡು ಹೋಗೋದಾ? ನನ್ನ ಮರ್ಯಾದೆ ಏನಾಗ್ಬೇಕು?"

ಆ ಮರ್ಯಾದೆಯೇ ಕೈಕೊಟ್ಟಿತು. ವಿಮಾನ ಹತ್ತುವ ಬಾಗಿಲಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಉಬ್ಬಿದ ಚೀಲ ನೋಡಿ, ಒಳಗೆ ಜಾಗವಿಲ್ಲ, ಕೆಳಗೆ ಹಾಕಿಸುತ್ತೇವೆ, ಇದು ಫ್ರೀ ಎಂದಳಂತೆ. ಫ್ರೀ ಎಂಬುದು ಕಿವಿಗೆ ಬಿದ್ದದ್ದೇ ತಡ, ತಿಂಗಳುಗಟ್ಟಲೆ ಅಗ್ಗದ ಬೆನ್ನು ಹತ್ತಿದ್ದ ಮನುಷ್ಯ ಎಲ್ಲ ಮರೆತು ಎರಡೂ ಕೈಯಿಂದ ಚೀಲ ಒಪ್ಪಿಸಿ, ಥ್ಯಾಂಕ್ಸ್ ಬೇರೆ ಹೇಳಿದರು. ಅಕ್ಕನ ಊರಲ್ಲಿ ಹೊರಗೆ ಬಂದು ಚಳಿಗಾಳಿ ಮುಖಕ್ಕೆ ಹೊಡೆದಾಗಲೇ ನೆನಪಾದದ್ದು. ಅಷ್ಟು ಹೊತ್ತಿಗೆ ಕೋಟು ತಮ್ಮವರು ಯಾರೂ ಇಲ್ಲದ ಊರಿನ ಕಡೆಗೆ ಹೊರಟುಹೋಗಿತ್ತು.

ರೈಲಿನಲ್ಲಿ ವಾಪಸು ಬಂದ ಮಾಸ್ಟ್ರನ್ನು ಗೇಲಿ ಮಾಡಲು ನಾನು ಮಾತು ಜೋಡಿಸಿಟ್ಟಿದ್ದೆ. ಅವರ ಮುಖ ನೋಡಿ ನುಂಗಿಕೊಂಡೆ.

"ಬರಿಗೈಲಿ ಹೋದೆ. 'ನೀನು ಬಂದ್ಯಲ್ಲ ಪುಟ್ಟಾ, ಅಷ್ಟು ಸಾಕು' ಅಂದ್ಲು ಅಕ್ಕ. ಟೇಪು ಕೊರಳಲ್ಲೇ ಇತ್ತು. ಅಳತೆ ತಗೊಂಡು ಬಂದೆ."

ಅಷ್ಟು ಹೇಳಿ ಯಂತ್ರದ ಮುಂದೆ ಕೂತರು.

ಆನ್‌ಲೈನಿನಲ್ಲಿ ದೂರು ಕೊಟ್ಟು ಕೊಟ್ಟು, ಕೆಲವು ವಾರಗಳ ಮೇಲೆ ಚೀಲ ಅಂಗಡಿಗೇ ಬಂತು. ಮಾಸ್ಟ್ರು ಕೋಟಿನ ಹೊಲಿಗೆ ಬಿಚ್ಚಿದರು. ಭುಜ ಹಿಡಿದರು, ಬೆನ್ನು ಹಿಡಿದರು, ತೋಳು ಹಿಡಿದರು. ಹಿಡಿದಷ್ಟೂ ಕೋಟು ಸಣ್ಣದಾಗುತ್ತ ಹೋಯಿತು. ಒಳಗೆ ಉಳಿದ ಬಟ್ಟೆ ಕತ್ತರಿಸಲು ನಾನು ಕತ್ತರಿ ತೆಗೆದರೆ ಕೈ ತಡೆದರು.

"ಬೇಡ, ಇರ್ಲಿ. ಮೈ ತುಂಬ್ಕೊಂಡ್ರೆ ಬಿಚ್ಚಿ ಅಗಲ ಮಾಡ್ಬಹುದು."

ನಾನು ಕೊನೆಯ ಗುಂಡಿ ಹಚ್ಚುತ್ತಿದ್ದಾಗ ಫೋನು ಟಿಣ್ ಎಂದಿತು. ಅದೇ ಟಿಕೆಟ್, ಅಕ್ಕನ ಊರು ದಾಟಿ ಹೋಗುವುದು, ದರ ಇಳಿದಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಈ ಸಲನಾದ್ರೂ ಮರ್ಯಾದೆ ಮನೇಲಿಟ್ಟು, ಹಾಕ್ಕೊಂಡು ಹೋಗಿ ಮಾಸ್ಟ್ರೇ."

ಮಾಸ್ಟ್ರು ಕೋಟನ್ನು ನನ್ನ ಮಡಿಲಿಂದ ಎತ್ತಿಕೊಂಡು ಅದೇ ಕನ್ನಡಿಯ ಮುಂದೆ ನಿಂತು ತೋಳು ತೂರಿಸಿದರು. ಮೊಣಕೈ ದಾಟಿ ಮೇಲೆ ಹೋಗಲಿಲ್ಲ. ಇನ್ನೊಂದು ತೋಳಿಗೆ ಪ್ರಯತ್ನವನ್ನೂ ಮಾಡಲಿಲ್ಲ; ಕೋಟು ಒಂದು ಕೈಯಿಂದ ಜೋತುಬಿದ್ದಿತ್ತು.

"ಇಷ್ಟೇ ಆಗ್ಬಿಟ್ಟಿದ್ದಾಳೆ ಕಣಮ್ಮ," ಎಂದರು.

ಅವರು ತೋಳು ಬಿಡಿಸಿಕೊಳ್ಳದೆ ನಿಂತೇ ಇದ್ದರು. ನಾನು ಅವರ ಫೋನು ತೆಗೆದುಕೊಂಡು ಟಿಕೆಟ್ ಬುಕ್ ಮಾಡಿದೆ.