ಹಗ್ಗ ಹಿಡಿದವಳ ಸಿಟ್ಟು

ಓಣಿಯವರು ಅವಳನ್ನು ಸಿಡುಕಿ ಎನ್ನುತ್ತಿದ್ದರು, ಎದುರಿಗಲ್ಲ, ಬೆನ್ನ ಹಿಂದೆ. ಗಂಡ ಮರ ಹತ್ತುವವನು. ಮನೆಗಳ ಮೇಲೆ ಬಾಗಿದ ಕೊಂಬೆಗಳನ್ನು ಕಡಿದು ಇಳಿಸುವುದು ಅವನ ಕಸುಬು. ಅವನು ಮೇಲೆ, ಅವಳು ಕೆಳಗೆ. ಅವನ ಸೊಂಟದಿಂದ ಹೊರಟ ಹಗ್ಗ ಮೇಲಿನ ಕವಲನ್ನು ಬಳಸಿ ಇಳಿದು ಅವಳ ಕೈಗೆ ಬರುತ್ತಿತ್ತು. ಮದುವೆಯಾದಾಗಿನಿಂದ ಹೀಗೇ ನಡೆದಿತ್ತು.

ಗಂಡನಿಗೆ ಬರುತ್ತಿದ್ದದ್ದು ಒಂದೇ ಗಂಟು, ಎಳೆದಷ್ಟೂ ಬಿಗಿಯುವ ಜೀರುಕುಣಿಕೆ. ಗರಗಸಕ್ಕೂ ಅದೇ, ಕೊಂಬೆಗೂ ಅದೇ, ತನ್ನ ಸೊಂಟಕ್ಕೂ ಅದೇ.

"ಬಿದ್ರೆ ಅದು ಸೊಂಟ ಹಿಂಡಿಬಿಡುತ್ತೆ ರೀ."

"ಬಿದ್ರೆ ತಾನೇ?"

ಒಂದು ಶಾಲೆಯ ಅಂಗಳದಲ್ಲಿ ಅವನು ಬಿದ್ದ. ಕಾಲಿಟ್ಟ ಕೊಂಬೆ ಲಟಕ್ಕೆಂದು ಮುರಿಯಿತು. ಹಗ್ಗ ಅವಳ ಅಂಗೈಯೊಳಗೆ ಸರ್ರನೆ ಹರಿಯಿತು. ಅವಳು ಬಿಡಲಿಲ್ಲ. ಹಿಮ್ಮಡಿಯನ್ನು ಬೇರಿಗೆ ಒತ್ತಿ, ಮೈಯನ್ನೆಲ್ಲ ಹಿಂದಕ್ಕೆ ಚೆಲ್ಲಿ ನಿಂತಳು. ನೆಲಕ್ಕೆ ಇನ್ನೂ ಆಳುದ್ದ ಇರುವಾಗ ಅವನು ಉಸಿರುಕಟ್ಟಿ ನೇತಾಡಿದ. ಇಳಿಸಿದ ಮೇಲೆ ಕುಣಿಕೆ ಬಿಚ್ಚಲು ಬರಲಿಲ್ಲ, ಚೂರಿಯಿಂದ ಕೊಯ್ದರು. ಅವಳ ಅಂಗೈ ಸುಲಿದುಹೋಗಿತ್ತು.

ಉಸಿರು ತಿರುಗಿದ ಮೇಲೆ ಅವನಾಡಿದ ಮೊದಲ ಮಾತು: "ನೀನು ಇನ್ನೂ ಸ್ವಲ್ಪ ಬಿಗಿಯಾಗಿ ಹಿಡೀಬೇಕಿತ್ತು."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷದ 'ನೀವು' ಎಲ್ಲಿ ಹೋಯಿತೋ.

"ಜೀವ ನನ್ನ ಕೈಲಿ ಕೊಟ್ಟು ಮೇಲೆ ಹೋಗ್ತೀಯ. ನೆಟ್ಟಗೆ ಒಂದು ಗಂಟು ಕಲಿಯೋಕೆ ನಿನಗೇನು ರೋಗ? ಇನ್ನು ಈ ಹಗ್ಗ ನಾನು ಮುಟ್ಟಲ್ಲ."

ಅಂಗೈಗೆ ಬಟ್ಟೆ ಸುತ್ತಿಕೊಂಡೇ ಸೋದರಮಾವನ ಮನೆಗೆ ಹೋದಳು. ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡುತ್ತಾ ಬಣ್ಣ ಹೊಡೆದೇ ಮುದುಕನಾದವನು ಅವನು.

"ಗಂಡನ್ನ ಕಳಿಸು, ಕಲಿಸ್ತೀನಿ," ಎಂದ.

"ಅವರು ಬರಲ್ಲ. ನಂಗೆ ಕಲಿಸಿ ಮಾವ."

ಯಾವುದಕ್ಕೆ ಯಾವ ಗಂಟು ಎಂಬುದರಿಂದಲೇ ಮಾವ ಶುರುಮಾಡಿದ. ಸೊಂಟಕ್ಕೆ ಭಾರ ಬಿದ್ದರೂ ಕಿರಿದಾಗದ ಕುಣಿಕೆ, ಅದರ ತುದಿ ಜಾರದ ಹಾಗೆ ಅದರ ಹಿಂದೆಯೇ ಇನ್ನೊಂದು ಗಂಟು. ಮರಕ್ಕೆ ಕಟ್ಟಿದ ದೊಡ್ಡ ಹಗ್ಗದ ಮೇಲೆ ಸೊಂಟದ ಸಣ್ಣ ಹಗ್ಗ ಸುತ್ತಿ ಹಾಕುವ ಹಿಡಿಗಂಟು ಬೇರೆ. ಕೈಯಿಂದ ದೂಡಿದರೆ ಅದು ಸರಿಯುತ್ತದೆ, ಮೈಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ.

"ಅಂದ್ರೆ ಕೆಳಗೆ ನಿಂತೋರ ಅಂಗೈ ನಂಬಬೇಕಾಗಿಲ್ಲ?"

"ಬೇಕಾಗಿಲ್ಲ."

ಅವಳ ಸಿಟ್ಟು ಇಮ್ಮಡಿಯಾಯಿತು. ಮೆಟ್ಟಿಲ ಕಂಬಿಗೆ ಹಗ್ಗ ಕಟ್ಟಿ, ಹಿಡಿಗಂಟು ಹಾಕಿ ನೇತಾಡಿದಳು. ಗಂಟು ಜಾರಿತು, ದೊಪ್ಪನೆ ಕುಕ್ಕರಿಸಿದಳು.

"ಸಿಟ್ಟಲ್ಲಿ ಸುತ್ತಿದೀಯ. ಸುತ್ತು ಒಂದರ ಮೇಲೊಂದು ಹತ್ತಿದೆ. ಬಿಚ್ಚು."

"ಸಿಟ್ಟು ಬಿಡೋಕಾಗಲ್ಲ ಮಾವ."

"ಬಿಡು ಅಂದೋರ್ಯಾರು? ಸುತ್ತು ನೆಟ್ಟಗಿರಲಿ ಅಂದೆ."

ಕಲಿತು ಬಂದು ತೋರಿಸಿದರೆ ಗಂಡ ಮುಖ ತಿರುಗಿಸಿದ. "ಹೆಂಡ್ತಿ ಹತ್ರ ಗಂಟು ಕಲಿಯೋ ಗತಿ ನಂಗಿನ್ನೂ ಬಂದಿಲ್ಲ."

ಮುಂದಿನ ಕೆಲಸಕ್ಕೆ ಅವಳು ತಾನೇ ಮರ ಹತ್ತಿದಳು. ಕೆಳಗೆ ನಿಂತವನು ಕತ್ತೆತ್ತಿ ನೋಡಿಯೇ ನೋಡಿದ. ಅವಳು ಕೊಂಬೆಯಿಂದ ಕೊಂಬೆಗೆ ದಾಟಿದಾಗಲೆಲ್ಲ ಅವನ ಕೈ ತಾನಾಗಿ ಮೇಲೇಳುತ್ತಿತ್ತು. ಇಳಿದು ಬಂದಾಗ ನೀರಿನ ಬಾಟಲಿ ಕೊಟ್ಟ.

ವಾರ ಕಳೆದಿರಬೇಕು. ಮಾವನ ಮನೆಗೆ ಹೋದರೆ ಮೆಟ್ಟಿಲ ಕಂಬಿಗೆ ನೇತುಬಿದ್ದವನು ಗಂಡ. ಕಣ್ಣು ಕೆಂಪಾಯಿತು ಅವಳಿಗೆ.

"ಮಾವ ಹೇಳಿದ್ರೆ ಕಲೀಬಹುದು. ನಾನು ಹೇಳಿದ್ರೆ ಮಾನ ಹೋಗುತ್ತೆ. ಅಲ್ವಾ?"

ಗಂಡ ನೇತಾಡುತ್ತಲೇ ಗೋಡೆಯತ್ತ ನೋಡಿದ. ಮಾವ ಮೊಣಕಾಲು ಉಜ್ಜಿಕೊಂಡು ಎದ್ದ. "ನಂಗೆ ಮಂಡಿನೋವು. ಉಳಿದಿದ್ದು ನೀನೇ ಹೇಳ್ಕೊಡು," ಎಂದು ಒಳಗೆ ಹೋಗಿಬಿಟ್ಟ.

ಅವಳು ಹೇಳಿಕೊಟ್ಟಳು. ಬೈದು, ಕೈ ಮೇಲೆ ಹೊಡೆದು, ಬಿಚ್ಚಿಸಿ, ಮತ್ತೆ ಹಾಕಿಸಿ. ಅವನು ಹಲ್ಲು ಕಚ್ಚಿಕೊಂಡು ಕಲಿತ.

ಈಗ ಸರದಿಯ ಮೇಲೆ ಹತ್ತುತ್ತಾರೆ. ಮೊನ್ನೆ ಅವಳು ಮರದ ಮೇಲಿದ್ದಾಗ ಬೇರೊಬ್ಬ ಮರ ಹತ್ತುವವನು ಬಂದು ಗಂಡನ ಹತ್ತಿರ ಹಗ್ಗದ ಬಗ್ಗೆ ವಿಚಾರಿಸಿದ. ಗಂಡ ಹಿಡಿಗಂಟನ್ನು ತಾನೇ ಕಂಡುಹಿಡಿದವನ ಹಾಗೆ ಕೈಯಾಡಿಸಿ ವಿವರಿಸತೊಡಗಿದ. ಎಲ್ಲವೂ ಮೇಲೆ ಕೇಳಿಸಿತು. ಅವಳು ಗರಗಸ ನಿಲ್ಲಿಸಿ ಬಗ್ಗಿ ನೋಡಿದಳು.

"ಭಾಷಣ ಆಮೇಲೆ ಬಿಗೀರಿ. ಕೊಂಬೆ ಬೀಳುತ್ತೆ, ಆ ಕಡೆ ಸರೀರಿ."