ಅಗ್ಗದ ಟಿಕೆಟ್ಟು, ಬಾಜೂಕಿನ ಸೀಟು

ವಿಮಾನದಲ್ಲಿ ನನ್ನ ಪಕ್ಕದ ಸೀಟು ನನ್ನ ಹೆಂಡತಿಗೆ ಹೇಗೆ ಸಿಕ್ಕಿತು, ಊಹಿಸಿರಿ ನೋಡೋಣ. ಅಗ್ಗವೆಂದು ಜಾಣನ ಹಾಗೆ ಎರಡು ಟಿಕೆಟ್ ಬೇರೆ ಬೇರೆಯಾಗಿ ತೆಗೆಸಿದ್ದೆ. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ನನಗೆ ಮುಂದಿನ ಸೀಟು ಬಂತು. ಮೊದಲ ಸಲ ಹಾರಲು ಹೆದರಿದ್ದ ಆಕೆಗೆ ತೀರ ಹಿಂದಿನದು. ಪಕ್ಕಪಕ್ಕದ ಸೀಟು ಕೊಡಿರೆಂದು ಕೇಳಿದೆ.

"ಟಿಕೆಟ್ ಬ್ಯಾರೆ ಅದಾವ್ರಿ. ಯಾರ ಬಾಜೂಕ ಕೂಡ್ತೀರಿ, ಹೆಸರು ಹೇಳ್ರಿ ಅಮ್ಮಾ," ಎಂದಳು ಕೌಂಟರಿನ ಹುಡುಗಿ.

ಗಂಡನ ಹೆಸರು ಎಂದೂ ಹೇಳದವಳು ಆಕೆ. ನಾನೇ ಬಾಯಿ ಹಾಕಿದೆ.

"ನೀವು ಸುಮ್ನಿರ್ರಿ ಸರ್, ಅವರಽ ಹೇಳ್ಬೇಕು."

ಆಕೆ ಸೆರಗು ಸರಿಮಾಡಿಕೊಂಡು, ಲಗ್ನದ ಮನೆಯಲ್ಲಿ ಹೆಂಗಸರು ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವಂತೆ ಒಡಪು ಹೇಳಿದಳು: "ಬಿಸಿ ರೊಟ್ಟಿಗೆ ಬೆಣ್ಣಿ, ಹೋಳಿಗಿಗೆ ತುಪ್ಪ, ಅಗ್ಗದ ಟಿಕೆಟಿಗೆ ಮರುಳಾದವ್ರು ನಮ್ಮ ಬಸಪ್ಪ."

ಸಾಲಿನಲ್ಲಿದ್ದವರೆಲ್ಲ ನಕ್ಕರು, ಹುಡುಗಿ ಸೀಟು ಕೂಡಿಸಿಕೊಟ್ಟಳು. ನಮ್ಮ ಲಗ್ನದಲ್ಲೂ ನಾಚಿ ಒಡಪು ಹೇಳದವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅಂದೇ ಮೊದಲು. ಅದೂ ಬಸವ ಜಯಂತಿಯ ದಿನ.