ಓರೆ ಬೆಳಕಿನಲ್ಲಿ ಮಾವನ ಕತ್ತಿ

ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದು ಆಗದ ಮಾತು ಎಂದವನು ನನ್ನ ಸೋದರಮಾವ ಬೀರಪ್ಪ. ತೆಲಂಗಾಣದ ಗಡಿಯೂರು ಮಕ್ತಲ್ ಬಜಾರಿನಲ್ಲಿ ಅವನದು ಕ್ಷೌರದಂಗಡಿ. ಗಿರಾಕಿಯ ಗದ್ದಕ್ಕೆ ಕತ್ತಿ ಹಿಡಿದೇ ಇಂಥ ತೀರ್ಪು ಕೊಡುವುದು ಅವನ ರೂಢಿ. ಆಗ ಯಾರೂ ಎದುರಾಡುವುದಿಲ್ಲ ನೋಡಿ.

ನಾರಾಯಣಪೇಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಬಂದಾಗ, ಪ್ರಾಜೆಕ್ಟಿಗೆ ನಾನು ಆ ಕತ್ತಿಯನ್ನೇ ಆರಿಸಿಕೊಂಡೆ. ಮಸೆದ ಅಂಚನ್ನು ಸೂಕ್ಷ್ಮದರ್ಶಕದಡಿ ಮಲಗಿಸಿಟ್ಟು ಫೋಟೊ ತೆಗೆಯುವುದು. ಇದು ಪಾಸಾಗದಿದ್ದರೆ ಡಿಗ್ರಿಯೂ ಇಲ್ಲ. ಮೊದಲ ಫೋಟೊ ಬರೀ ಕಪ್ಪು. ಈರುಳ್ಳಿ ಸಿಪ್ಪೆಗೆ ಕೊಡುವಂತೆ ಕೆಳಗಿನಿಂದ ಬೆಳಕು ಕೊಟ್ಟಿದ್ದೆ. ಉಕ್ಕು ಈರುಳ್ಳಿಯಲ್ಲ ಎಂಬುದು ಹೊಳೆಯಲು ಅರ್ಧ ದಿನ ಬೇಕಾಯಿತು. ಪಕ್ಕದಿಂದ ಟಾರ್ಚ್ ಹಿಡಿದೆ. ರೆಂಟೆ ಹೊಡೆದ ಹೊಲದಂತೆ ಗೀರೋ ಗೀರು. ಓದಿದ ಸೊಕ್ಕಿನಲ್ಲಿ ಅದನ್ನು ಮಾವನಿಗೆ ತೋರಿಸಿ, ನಿನ್ನ ಮಸೆತ ಸರಿಯಿಲ್ಲ ಎಂದೆ. ಅಂಗಡಿಯಲ್ಲಿದ್ದವರು ನಕ್ಕರು. ಮಾವ ನಗಲಿಲ್ಲ.

“ಇದ ಕತ್ತೀಲೆ ಮುಂಜಾನಿ ಕೂಸಿನ ಜಾವಳ ತಗದೀನಿ. ಕೂಸಿಗೆ ಎಚ್ಚರ ಸೈತ ಆಗಿಲ್ಲ.”

ಟಾರ್ಚಿಗೆ ಬಿಳಿ ಕಾಗದ ಮುಚ್ಚಿ ಮೇಲಿನಿಂದ ಬೆಳಕು ಬಿಟ್ಟೆ. ಅದೇ ಅಂಚು ಈಗ ನುಣುಪು. ಗೀರಿನದು, ನುಣುಪಿನದು ಎರಡೂ ಫೋಟೊ ನೋಡಿದ ಪ್ರಾಜೆಕ್ಟಿನ ಮೇಷ್ಟ್ರು, ಕತ್ತಿ ಹರಿತವೋ ಮೊಂಡೋ ವಾರದೊಳಗೆ ಹೇಳು, ಇಲ್ಲದಿದ್ದರೆ ಅಂಕವಿಲ್ಲ ಎಂದರು. ಆಕಾಶದ ಚಂದ್ರನದೂ ಇದೇ ಪಾಡು. ದುರ್ಬೀನಿನಲ್ಲಿ ಹುಣ್ಣಿಮೆಯ ನೇರ ಬೆಳಕಿಗೆ ನುಣುಪು ಮುಖ, ಅಷ್ಟಮಿಯ ಓರೆ ಬೆಳಕಿಗೆ ಬರೀ ಹಳ್ಳದಿಣ್ಣೆ. ನನ್ನ ಬಸ್ ಪಾಸಿನ ಫೋಟೊದ ಸುದ್ದಿ ಬೇಡ.

ದಾರಿ ಕಾಣದೆ ಮತ್ತೆ ಅಂಗಡಿಗೆ ಹೋದೆ. ಮಾವ ಮಸೆದ ಕತ್ತಿಯ ಅಂಚನ್ನು ಮೇಲೆ ಮಾಡಿ, ಬಾಗಿಲ ಬೆಳಕಿಗೆ ಮೆಲ್ಲಗೆ ಹೊರಳಿಸುತ್ತಿದ್ದ. ಏನು ನೋಡುತ್ತಿ ಎಂದು ಕೇಳಿದೆ. ಮೊಂಡಾದ ಕಡೆ ಬಿಳಿ ಗೆರೆ ಮಿಂಚುತ್ತದೆ, ಹರಿತವಾದಲ್ಲಿ ಏನೂ ಕಾಣುವುದಿಲ್ಲ ಎಂದ. ಮೂವತ್ತು ವರ್ಷದಿಂದ ದಿನಾ ಮಾಡುತ್ತಿದ್ದುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಕತ್ತಿಯನ್ನು ಜೋಳದ ಹಿಟ್ಟಿನ ಉಂಡೆಯಲ್ಲಿ ಅಂಚು ಮೇಲಾಗಿ ನೆಟ್ಟು ಮತ್ತೊಂದು ಫೋಟೊ ತೆಗೆದೆ. ಒಂದೂ ಬಿಳಿ ಗೆರೆಯಿಲ್ಲ. ಮೇಷ್ಟ್ರು ನೋಡಿದ ಎರಡೂ ಫೋಟೊ ಸುಳ್ಳಲ್ಲ ಎಂದು ಬರೆದೆ: ಓರೆ ಬೆಳಕು ಸಾಣೆಕಲ್ಲಿನ ಗೀರುಗಳನ್ನು ಎಬ್ಬಿಸುತ್ತದೆ, ಹರಡಿದ ಬೆಳಕು ಅವನ್ನು ಮಲಗಿಸುತ್ತದೆ, ಹರಿತದ ಮಾತನ್ನು ನೆಟ್ಟಗೆ ನಿಲ್ಲಿಸಿದ ಅಂಚನ್ನೇ ಕೇಳಬೇಕು. ಮೇಷ್ಟ್ರು ಎರಡು ಸಲ ಓದಿ ಸಹಿ ಹಾಕಿದರು.

ಸರ್ಟಿಫಿಕೇಟ್ ಬಂದ ದಿನ ಅದನ್ನು ಮಾವನಿಗೆ ಕೊಟ್ಟೆ. ಕೈ ತೊಳೆದು ಒರೆಸಿಕೊಂಡು ಹಿಡಿದ. ಓದು ಬಾರದವನು, ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟ.

“ಇದರ ಮುಂದಿಂದು ಎಲ್ಲಿ ಕಲಸ್ತಾರವ್ವಾ?” ಎಂದ. “ಗದ್ವಾಲದ ಬಸ್ಸು, ಹೈದರಾಬಾದಿನ ಬಸ್ಸು, ಎರಡರ ವ್ಯಾಳ್ಯಾನೂ ಕೇಳಿಟ್ಟೀನಿ.”